ಮೊದಲ ಸಾಲಿನ ಬಿ ನೆಗೆಟಿವ್

ಸಿಂದಗಿಯಲ್ಲಿ ಫ್ಲೆಕ್ಸ್ ಹಾಕಿಸಲು ದುಡ್ಡಿಗಿಂತ ಧೈರ್ಯ ಹೆಚ್ಚು ಬೇಕು. ಬಣ್ಣ ಸರಿಯಾಗಿ ಬರಲಿಲ್ಲ, ಫೋಟೋದಲ್ಲಿ ಮೂಗು ಸೊಟ್ಟಗಾಯಿತು ಎಂಬ ತಕರಾರು ಸಂಜೆಯೊಳಗೆ ತಣ್ಣಗಾಗುತ್ತದೆ. ಯಾರ ಹೆಸರು ಯಾರ ಹೆಸರಿನ ಕೆಳಗೆ ಬಂತು ಎಂಬ ತಕರಾರು ಮಾತ್ರ ಮೊಮ್ಮಕ್ಕಳ ಕಾಲಕ್ಕೂ ಮುಗಿಯುವುದಿಲ್ಲ. ಹಿಂದೊಮ್ಮೆ ಒಬ್ಬರ ಗೃಹಪ್ರವೇಶದ ಫ್ಲೆಕ್ಸಿನಲ್ಲಿ ಬೀಗರ ಹೆಸರು ದಾಯಾದಿಗಳ ಹೆಸರಿನ ಕೆಳಗೆ ಬಿದ್ದು, ಬೀಗರು ಹೋಳಿಗೆಯ ತಾಟನ್ನು ಹಾಗೇ ಬಿಟ್ಟು ಎದ್ದುಹೋದದ್ದನ್ನು ಊರು ಇನ್ನೂ ಮರೆತಿಲ್ಲ. ಇಂಥ ಊರಲ್ಲಿ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರರಾದ ಶ್ರೀಶೈಲಪ್ಪ ಮಣೂರ ಅವರು ಗೆಳೆಯರ ಬಳಗದ ರಕ್ತದಾನಿಗಳ ಫ್ಲೆಕ್ಸ್ ಬರೆಸುವ ಹೊಣೆಯನ್ನು ಕೇಳದೆಯೇ ಹೆಗಲಿಗೆ ಹಾಕಿಕೊಂಡರು. ತಮಗೆ ಕಂಪ್ಯೂಟರ್ ಬರುತ್ತದೆ ಎಂಬುದು ಅವರ ಧೈರ್ಯ.

ಕಂಪ್ಯೂಟರ್ ಬರುತ್ತದೆ ಎನ್ನುವುದಕ್ಕೆ ಪುರಾವೆಯೂ ಇತ್ತು. ಸರಕಾರಿ ನೌಕರರು ಬರೆಯಬೇಕಾದ ಕಂಪ್ಯೂಟರ್ ಪರೀಕ್ಷೆಯಲ್ಲಿ ಮಾಸ್ತರರು ಎರಡನೇ ಸಲಕ್ಕೆ ಪಾಸಾಗಿ, ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಪಡಸಾಲೆಯ ಗೋಡೆಗೆ ಮೊಳೆ ಹೊಡೆದಿದ್ದರು. ಅದಕ್ಕೆ ಜಾಗ ಮಾಡಲು ಅವರ ಮದುವೆಯ ಫೋಟೋ ಅಡುಗೆಮನೆಗೆ ವರ್ಗವಾಯಿತು. ಹೆಂಡತಿ ದಾನೇಶ್ವರಿ ಆವತ್ತಿನಿಂದ ಕಂಪ್ಯೂಟರಿನ ಮಾತು ಬಂದಾಗಲೆಲ್ಲ ತುಸು ಗಂಟಲು ಸರಿಮಾಡಿಕೊಳ್ಳುತ್ತಿದ್ದರು.

ಬಳಗದವರು ಸಂಕ್ರಮಣದ ಮರುವಾರ ಒಂದು ಶಿಬಿರ ಮಾಡಿದ್ದರು. ಊರಿನವರ ರಕ್ತದ ಗುಂಪು ಯಾವುದೆಂದು ನೋಡಿ ಬರೆದಿಟ್ಟುಕೊಂಡರೆ ಕಷ್ಟಕಾಲಕ್ಕೆ ಹುಡುಕಾಡುವುದು ತಪ್ಪುತ್ತದೆ ಎಂಬುದು ಯೋಚನೆ. ವಿಜಯಪುರದಿಂದ ಬಂದ ತಂಡ ಮೇಜು ಹಾಕಿ ಕೂತಾಗ ಪಾಳಿಯಲ್ಲಿ ಮೊದಲಿಗೆ ನಿಂತವರು ನಮ್ಮ ಮಾಸ್ತರರೇ. ಮೊದಲನೆಯವರ ಫೋಟೋ ಪೇಪರಿನಲ್ಲಿ ಬರುತ್ತದೆಂದು ಯಾರೋ ಹೇಳಿದ್ದರು. ಆದರೆ ಬೆರಳಿಗೆ ಚುಚ್ಚುವ ಸೂಜಿ ಕಣ್ಣಿಗೆ ಬಿದ್ದದ್ದೇ ತಡ, ಮಾಸ್ತರರು ನಿಂತಲ್ಲೇ ಕುಸಿದರು. ಎಚ್ಚರವಿದ್ದಾಗ ಮುಷ್ಟಿ ಬಿಗಿಹಿಡಿದಿದ್ದ ಬೆರಳನ್ನು ತಂಡದವರು ಎಚ್ಚರ ತಪ್ಪಿದಾಗ ಆರಾಮಾಗಿ ಚುಚ್ಚಿ, ಗುಂಪು ಬರೆದುಕೊಂಡರು. ಮಾಸ್ತರರು ಕಣ್ಣು ಬಿಟ್ಟಾಗ ಕೈಯಲ್ಲಿ ಬಿಸ್ಕತ್ತು ಇತ್ತು. ಗುಂಪು ಯಾವುದೆಂದು ಅವರು ಕೇಳಲಿಲ್ಲ, ಯಾರೂ ಹೇಳಲಿಲ್ಲ. ಉಳಿದವರಿಗೂ ತಂಡದವರು, ಗುಂಪು ಪಟ್ಟಿಯಲ್ಲೇ ಬರುತ್ತದೆ ಎಂದು ಹೇಳಿ ಕಳಿಸಿದರು.

ಪಟ್ಟಿ ಕಂಪ್ಯೂಟರಿಗೆ ಬಂತು. ಮೂರು ಕಂಬಗಳು: ಮೊದಲು ಹೆಸರು, ಅದರ ಮಗ್ಗುಲಲ್ಲಿ ರಕ್ತದ ಗುಂಪು, ಅದರ ಮಗ್ಗುಲಲ್ಲಿ ಮೊಬೈಲ್ ನಂಬರು. ಪಾಳಿಯಲ್ಲಿ ನಿಂತ ಕ್ರಮದಲ್ಲಿಯೇ ಹೆಸರುಗಳಿದ್ದುದರಿಂದ ಮೊದಲ ಸಾಲಿನಲ್ಲಿ ಶ್ರೀಶೈಲಪ್ಪ ಮಣೂರ ಎಂದಿತ್ತು. ತನ್ನ ಹೆಸರನ್ನು ಮೊದಲ ಸಾಲಿನಲ್ಲಿ ಕಂಡ ಮನುಷ್ಯ ಪಕ್ಕದ ಖಾನೆಯತ್ತ ನೋಡುವುದುಂಟೇ? ಮಾಸ್ತರರಿಗೆ ಆನಂದವೂ ಆಯಿತು, ಚಿಂತೆಯೂ ಹತ್ತಿತು. ಈ ಕ್ರಮದಲ್ಲೇ ಫ್ಲೆಕ್ಸ್ ಬಂದರೆ ಬಳಗದ ಅಧ್ಯಕ್ಷ ಧರ್ಮರಾಜ ಸುಮ್ಮನಿರುವ ಆಸಾಮಿಯಲ್ಲ.

ಧರ್ಮರಾಜ ಬ್ಯಾಂಕಿನ ನೌಕರ. ಆವತ್ತೇ ಸಂಜೆ ಮನೆಗೆ ಬಂದು ಚಹಾದ ಕಪ್ಪು ಹಿಡಿದು ಕೂತ.

"ಮಾಸ್ತರ್ರ, ಹೆಸರು ಮ್ಯಾಲ ಇರಲಿ ಅಂತ ನನಗೇನೂ ಆಸೆ ಇಲ್ರಿ. ಆದ್ರ ಅಧ್ಯಕ್ಷನ ಹೆಸರು ಕೆಳಗ ಬಿತ್ತಂದ್ರ ಮಂದಿ ನಿಮಗ ಬಯ್ತಾರ. ನನಗ ಅದೊಂದ ಚಿಂತಿ."

ಅವನ ಚಹಾ ಮುಗಿಯುವ ಮೊದಲೇ ಹನಮವ್ವ ಬಂದರು. ಎಪ್ಪತ್ತು ದಾಟಿದ ಹನಮವ್ವ ಒಂದು ಕಾಲದಲ್ಲಿ ಪುರಸಭೆಯ ಮೆಂಬರು.

"ನಾ ಮೆಂಬರ್ ಇದ್ದಾಗ ಈ ಧರ್ಮರಾಜ ಚಡ್ಡಿ ಹಾಕ್ಕೊಂಡು ನಮ್ಮ ಓಣ್ಯಾಗ ಗೋಲಿ ಆಡ್ತಿದ್ದ. ಇವನ ಹೆಸರಿನ ಬುಡಕ ನನ್ನ ಹೆಸರು ಬಂತಂದ್ರ ಫ್ಲೆಕ್ಸ್ ಹರದು ಎಮ್ಮಿ ಮೈಮ್ಯಾಲ ಹೊಚ್ಚಾಕ ಜೂಲಾ ಹೊಲಸ್ತೇನಿ, ನೋಡ್ರಿ ಮತ್ತ!"

ಮಾಸ್ತರರ ಬೆವರು ಪ್ರಮಾಣಪತ್ರ ಕಣ್ಣಿಗೆ ಬೀಳುವವರೆಗೆ ಮಾತ್ರ ಇಳಿಯಿತು. ಗೋಡೆಯ ಮೇಲಿನ ಕಟ್ಟನ್ನು ನೋಡಿದ್ದೇ ಅವರಿಗೆ ಉಪಾಯ ಹೊಳೆಯಿತು.

"ಅ ಆ ಇ ಈ ಪ್ರಕಾರ ಹಚ್ಚಿಬಿಡೂಣ್ರಿ. ಅಕ್ಷರಮಾಲೆ ಮ್ಯಾಲ ಯಾರು ಸಿಟ್ಟಾಗ್ತಾರ? ಕಂಪ್ಯೂಟರಿಗೆ ಒಂದ ಮಾತು ಹೇಳಿದ್ರ ಸಾಕು, ಚಿಟಕಿ ಹೊಡ್ಯೂದ್ರಾಗ ಜೋಡಸಿ ಕೊಡತೈತಿ."

ಎಲ್ಲರೂ ಕಂಪ್ಯೂಟರಿನ ಸುತ್ತ ನೆರೆದರು. ಆ ತಂತ್ರಾಂಶಕ್ಕೆ ಎರಡು ತರದ ಜೋಡಣೆ ಗೊತ್ತಿತ್ತು. ಮೇಲಿನಿಂದ ಕೆಳಕ್ಕೆ ಜೋಡಿಸೆಂದರೆ ಸಾಲುಗಳು ಜಾಗ ಬದಲಿಸುತ್ತವೆ. ಎಡದಿಂದ ಬಲಕ್ಕೆ ಜೋಡಿಸೆಂದರೆ ಕಂಬಗಳು ಜಾಗ ಬದಲಿಸುತ್ತವೆ. ಕನ್ನಡವನ್ನು ಎಡದಿಂದ ಬಲಕ್ಕೆ ತಾನೇ ಬರೆಯುವುದು ಎಂದು ಮಾಸ್ತರರು ಅದನ್ನೇ ಒತ್ತಿದರು. ಒತ್ತಿದ್ದೇ ತಡ, ಮೊಬೈಲ್ ನಂಬರುಗಳೆಲ್ಲ ಎಡಗಡೆಗೆ ಹಾರಿ ಗಾದಿ ಹಿಡಿದವು, ಹೆಸರುಗಳೆಲ್ಲ ಬಲಗಡೆಯ ತುದಿಗೆ ಹೋಗಿ ನಿಂತವು.

"ಇದೇನ್ರಿ, ನಂಬರ್ ಅಧ್ಯಕ್ಷ ಆದಂಗಾತಲ್ಲ!" ಎಂದ ಧರ್ಮರಾಜ.

ಮಾಸ್ತರರು ನಗುತ್ತಲೇ ಗಾಬರಿಯಾಗಿ, ಮಾಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಗುಂಡಿ ಒತ್ತಿದರು. ಕಂಬಗಳು ಪುಣ್ಯಕ್ಕೆ ಸ್ವಸ್ಥಾನಕ್ಕೆ ಬಂದವು. ಈ ಸಲ ಬಹಳ ಜಾಗರೂಕತೆಯಿಂದ ಹೆಸರಿನ ಕಂಬ ಒಂದನ್ನೇ ಹಿಡಿದು, ಮೇಲಿನಿಂದ ಕೆಳಕ್ಕೆ ಜೋಡಿಸು ಎಂದರು. ಆಗ ಕಂಪ್ಯೂಟರು ಒಂದು ಪ್ರಶ್ನೆ ಕೇಳಿತು. ಪಕ್ಕದಲ್ಲಿ ಇನ್ನೂ ಮಾಹಿತಿ ಇದೆ, ಅದನ್ನೂ ಸೇರಿಸಿಕೊಳ್ಳಲೇ, ಇಲ್ಲವೇ ನೀನು ಹಿಡಿದ ಇದೊಂದನ್ನೇ ಜೋಡಿಸಲೇ?

"ಏನಂತ ಕೇಳಾಕತ್ತೈತ್ರಿ ಅದು?" ಎಂದು ದಾನೇಶ್ವರಿ ಕೇಳಿದರು.

"ಬಾಜೂದವ್ರನ್ನೂ ಎಬ್ಬಸಲೇನು ಅಂತ ಕೇಳಾಕತ್ತೈತಿ. ಜಗಳ ಇರೂದು ಹೆಸರಿನವ್ರದು. ರಕ್ತ, ಫೋನು ಯಾರ ತಂಟೇಕೂ ಬಂದಿಲ್ಲ. ಪಾಪ, ಈಗರ ಅಡ್ಡಾಡಿ ದಣದು ಕುಂತಾವ, ಕುಂದರಲಿ ಬಿಡು."

ಹೀಗೆಂದು ಮಾಸ್ತರರು 'ಇದೊಂದನ್ನೇ' ಎಂಬುದನ್ನು ಒತ್ತಿದರು. ಹೆಸರುಗಳೆಲ್ಲ ಗಡಗಡ ಎದ್ದು ಅಕ್ಷರಮಾಲೆಯ ಪ್ರಕಾರ ಬೇರೆ ಬೇರೆ ಸಾಲಿಗೆ ಹೋಗಿ ಕೂತವು. ರಕ್ತವನ್ನೂ ಫೋನನ್ನೂ ಹಳೆಯ ಸಾಲಿನಲ್ಲೇ ಬಿಟ್ಟುಹೋದವು. ಪಡಸಾಲೆಯಲ್ಲಿದ್ದವರೆಲ್ಲ ತಂತಮ್ಮ ಹೆಸರನ್ನಷ್ಟೇ ಹುಡುಕುತ್ತಿದ್ದರಾದ್ದರಿಂದ ಉಳಿದದ್ದು ಯಾರ ಕಣ್ಣಿಗೂ ಬೀಳಲಿಲ್ಲ.

ಹ ಅಕ್ಷರದ ಹನಮವ್ವ ಕಟ್ಟಕಡೆಗೆ ಬಿದ್ದಿದ್ದರು. ಅವರು ಕೆರಳಿ, "ಈ ಅ ಆ ಇ ಈ ಬರದವ ಯಾವ? ಅವನ್ನ ಕರೀರಿ ಇಲ್ಲಿ!" ಎಂದು ಸೆರಗು ಬಿಗಿದರು. ಆಗ ಮನೆಯ ಮಾನ ಉಳಿಸಿದವರು ದಾನೇಶ್ವರಿ. "ಯವ್ವಾ, ಮ್ಯಾಲಿನ ಹೆಸರು ಓದಬೇಕಂದ್ರ ಕುತಗಿ ಎತ್ತಬೇಕು. ಕೆಳಗಿಂದು ನೆಟ್ಟಗ ಕಣ್ಣಿಗೆ ಬೀಳತೈತಿ. ಬಸ್ಸಿನಾಗ ಕುಂತವ್ರಿಗೂ ನಿಮ್ಮ ಹೆಸರೊಂದ ಕಾಣೂದು" ಎಂದರು. ಹನಮವ್ವ ಬಿಗಿದ ಸೆರಗು ಸಡಿಲಿಸಿ, ಚಹಾ ಕುಡಿದು ಹೋದರು.

ಫ್ಲೆಕ್ಸು ಬಸ್ ಸ್ಟ್ಯಾಂಡಿನ ಎದುರಿಗೆ ಏರಿತು. ಫೋನ್ ನಂಬರು ಹಾಕಿದರೆ ಕಳ್ಳ ಕರೆಗಳು ಬರುತ್ತವೆಂದು ಹೆಸರು ಮತ್ತು ಗುಂಪು ಎರಡನ್ನೇ ಹಾಕಿಸಿದರು. ಅದೇ ಪಟ್ಟಿಯಿಂದ ಕೊರಳಿಗೆ ಹಾಕಿಕೊಳ್ಳುವ ಕಾರ್ಡುಗಳೂ ತಯಾರಾದವು. ನಂಬರುಗಳಿದ್ದ ಪೂರ್ತಿ ಪಟ್ಟಿಯ ಒಂದು ಪ್ರತಿಯನ್ನು ಊರಿನ ರಕ್ತಕೇಂದ್ರದ ಗೋಡೆಗೆ ಅಂಟಿಸಿದರು.

ಎಲ್ಲಕ್ಕಿಂತ ಮೇಲೆ, ಮೊದಲ ಸಾಲಿನಲ್ಲಿ ಅ ಅಕ್ಷರದ ಅನೀಲಕುಮಾರ ಮೆರೆಯುತ್ತಿದ್ದ. ಅವನ ಮುಂದೆ ಬಿ ನೆಗೆಟಿವ್ ಎಂದಿತ್ತು. ಇಡೀ ಪಟ್ಟಿಯಲ್ಲಿ ಆ ಗುಂಪು ಅದೊಂದೇ.

ಅನೀಲಕುಮಾರ ಬಸ್ ಸ್ಟ್ಯಾಂಡಿನ ಬಳಿ ಮಿರ್ಚಿ ಭಜಿ ಕರಿಯುವವನು. ಅಲ್ಲಿಯವರೆಗೆ ಅವನಿಗಿದ್ದ ಕೀರ್ತಿ, ಎರಡನೇ ಸಲ ಚಟ್ನಿ ಕೇಳಿದರೆ ಹಾಕುವುದಿಲ್ಲ ಎಂಬುದೊಂದೇ. ಉದ್ಘಾಟನೆಗೆ ಬಂದ ವೈದ್ಯರೊಬ್ಬರು ಈ ರಕ್ತ ನೂರರಲ್ಲಿ ಒಬ್ಬಿಬ್ಬರಿಗೆ ಮಾತ್ರ ಇರುತ್ತದೆ ಎಂದು ಮೈಕಿನಲ್ಲಿ ಹೇಳಿಬಿಟ್ಟರು. ಮರುದಿನದಿಂದ ಅವನ ಹೆಂಡತಿ ಸಿದ್ದಲಿಂಗವ್ವ ಗಂಡನ ಕೈಯಿಂದ ಚಾಕು ಕಸಿದುಕೊಂಡಳು. ಮೆಣಸಿನಕಾಯಿ ಸೀಳುವಾಗ ಬೆರಳು ಕೊಯ್ದುಕೊಂಡರೆ ಅಪರೂಪದ್ದು ಹನಿಯಾಗಿ ನೆಲಕ್ಕೆ ಹೋಗುವುದಲ್ಲ! ಕ್ಷೌರದ ಬ್ಲೇಡಿಗೂ ನಿಷೇಧ ಬಿದ್ದು, ಅನೀಲಕುಮಾರ ಗಡ್ಡ ಬಿಟ್ಟ. ಸೊಳ್ಳೆ ಕಡಿದರೆ ಸಿದ್ದಲಿಂಗವ್ವ ಸೊಳ್ಳೆಯ ವಂಶವನ್ನೇ ಬಯ್ಯುತ್ತಿದ್ದಳು. ದೊಡ್ಡ ಅಧಿಕಾರಿಯೊಬ್ಬರು ಸಮಾರಂಭದಲ್ಲಿ ಅವನಿಗೆ ಶಾಲು ಹೊಚ್ಚಿದರು. ಒಂದು ಹನಿ ರಕ್ತವನ್ನೂ ಇನ್ನೂ ಕೊಡದ ರಕ್ತದಾನಿಗೆ ಅಷ್ಟು ಚಪ್ಪಾಳೆ ಬಿದ್ದದ್ದು ಸಿಂದಗಿಯಲ್ಲಿ ಅದೇ ಮೊದಲು.

ಮಾಸ್ತರರ ಕಾರ್ಡಿನಲ್ಲಿ ಓ ಪಾಸಿಟಿವ್ ಎಂದಿತ್ತು. ದಾನೇಶ್ವರಿ ಅದನ್ನು ಹಿಡಿದು ನೋಡಿ, "ನಿಮ್ದು ಎಲ್ಲಾರಂಥದ ಬಿಡ್ರಿ. ಭಜಿ ಅಂಗಡಿಯವಂದು ನೋಡ್ರಿ, ರಕ್ತ ಅಂದ್ರ ಅದು" ಎಂದರು. ಮಾಸ್ತರರು ಕಾರ್ಡನ್ನು ಅಂಗಿಯೊಳಗೆ ಸೇರಿಸಿಕೊಂಡರು.

ಇಷ್ಟಕ್ಕೇ ಮುಗಿದಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಮಾಸ್ತರರ ಅಕ್ಕ ರುಕ್ಮವ್ವ ಇಂಗಳೇಶ್ವರದಲ್ಲಿದ್ದಳು. ಆಕೆಯ ಮಗಳು ವಿಜಯಶ್ರೀ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಹುಡುಗಿಯ ರಕ್ತ ಬಿ ನೆಗೆಟಿವ್, ಅದರಲ್ಲೂ ರಕ್ತ ಕಡಿಮೆ. ಮುದ್ದೇಬಿಹಾಳದ ಬೀಗರು ವಿಜಯಪುರದ ದೊಡ್ಡ ದವಾಖಾನೆಗೇ ಹೋಗೋಣವೆಂದು ಪಟ್ಟು ಹಿಡಿದಿದ್ದರು. ಆಗ ಫೋನಿನಲ್ಲಿ ಎದೆ ತಟ್ಟಿಕೊಂಡವರು ನಮ್ಮ ಮಾಸ್ತರರು.

"ಬೀಗರ, ವಿಜಯಪುರ ಯಾಕ್ರಿ? ಬಿ ನೆಗೆಟಿವ್ ನಮ್ಮ ಬಸ್ ಸ್ಟ್ಯಾಂಡಿನ್ಯಾಗ ಭಜಿ ಕರಿಯಾಕತ್ತೈತಿ! ಯಾವಾಗ ಬೇಕಂದ್ರ ಆವಾಗ ಎಬ್ಬಿಸಿಕೊಂಡು ಬರ್ತೇನಿ. ಸೋದರಮಾವ ನಾ ಇಲ್ಲೇನು?"

ಆ ಮಾತಿನ ಮೇಲೆ ವಿಜಯಶ್ರೀಯನ್ನು ಸಿಂದಗಿಗೆ ಕರೆತಂದರು. ಮಾತು ಆಡಿದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಮಂಗಳವಾರ ಮುಂಜಾನೆ ನೋವು ಬಂತು. ಕೂಸು ಹೊಟ್ಟೆಯಲ್ಲಿ ಅಡ್ಡ ತಿರುಗಿತ್ತು. ಹೆರಿಗೆ ದವಾಖಾನೆಯ ಡಾಕ್ಟರಮ್ಮ ಹೊರಗೆ ಬಂದು, "ಆಪರೇಷನ್ ಮಾಡಬೇಕ್ರಿ. ಮೈಯಾಗ ರಕ್ತ ಇಲ್ಲ. ಒಂದು ಬಾಟ್ಲಿ ಬಿ ನೆಗೆಟಿವ್ ಕೈಯಾಗ ಇಲ್ಲದ ನಾ ಚಾಕು ಹಿಡಿಯಂಗಿಲ್ಲ. ತಪಾಸಣಿಗೇ ಎರಡು ತಾಸು ಹಿಡೀತೈತಿ. ಜಲ್ದಿ ಮಾಡ್ರಿ" ಎಂದು ಒಳಗೆ ಹೋದರು. ವಿಜಯಪುರಕ್ಕೆ ಫೋನು ಹೋಯಿತು. ಆ ಗುಂಪಿನ ಬಾಟಲಿ ಅಲ್ಲಿ ಹಿಂದಿನ ದಿನವೇ ಮುಗಿದಿತ್ತು.

"ಚಿಂತಿ ಮಾಡಬ್ಯಾಡ ಅಕ್ಕಾ" ಎಂದು ಮಾಸ್ತರರು ಬಸ್ ಸ್ಟ್ಯಾಂಡಿಗೆ ಓಡಿದರು. ಭಜಿ ಅಂಗಡಿಗೆ ಗೋಣಿತಟ್ಟು ಮುಚ್ಚಿತ್ತು. ಅನೀಲಕುಮಾರ ಲಿಂಬೆಹಣ್ಣು ತರಲು ಪಕ್ಕದ ತಾಲ್ಲೂಕಿನ ಇಂಡಿಗೆ ಹೋಗಿದ್ದ. ಪಕ್ಕದ ಪಾನ್ ಅಂಗಡಿಯವನಿಂದ ನಂಬರು ಇಸಿದುಕೊಂಡು ಫೋನು ಹಚ್ಚಿದರೆ, "ಹೊಂಟೇನ್ರಿ ಸರ್, ಬಸ್ಸಿನ್ಯಾಗ ಅದೇನಿ. ಮೋಟರ್ ಸೈಕಲ್ ಮ್ಯಾಲ ಬರಾಕ ಮನ್ಯಾಗ ಬಿಡಂಗಿಲ್ರಿ, ರಕ್ತದ ಸಲುವಾಗಿ" ಎಂದ.

ಮಾಸ್ತರರು ಇಂಡಿಯಿಂದ ಬರುವ ಪ್ರತಿ ಬಸ್ಸಿಗೂ ಹತ್ತಿ ಇಳಿದರು. ಹೊತ್ತು ಏರುತ್ತಿತ್ತು. ರುಕ್ಮವ್ವನ ಫೋನು ಒಂದೇ ಸವನೆ ಬರುತ್ತಿತ್ತು. ನಡುನಡುವೆ, ಸಾಲ ಬೇಕೇ ಎಂದು ಕೇಳುವ ಅಪರಿಚಿತ ನಂಬರುಗಳೂ ಬರುತ್ತಿದ್ದವು. ಮಾಸ್ತರರು ಅವನ್ನೆಲ್ಲ ಹಲ್ಲು ಕಡಿದು ಕಟ್ ಮಾಡುತ್ತಿದ್ದರು. ಕೊನೆಗೆ ಒಂದು ಬಸ್ಸಿನಿಂದ ಅನೀಲಕುಮಾರ ಇಳಿದ. ಒಂದು ಕೈಯಲ್ಲಿ ಲಿಂಬೆಯ ಚೀಲ, ತಲೆಯ ಮೇಲೆ ಹೆಲ್ಮೆಟ್ಟು. ಬಸ್ಸಿನೊಳಗೆ ಹೆಲ್ಮೆಟ್ ಹಾಕಿ ಕೂತಿದ್ದ.

"ಯಾಕೋ ಇದು?"

"ಬ್ರೇಕ್ ಹಾಕಿದ್ರ ಕಂಬಿಗೆ ತಲಿ ಬಡೀತೈತ್ರಿ. ನಂದೇನು ಸಾದಾ ರಕ್ತ ಏನ್ರಿ?"

ರಕ್ತಕೇಂದ್ರ ಹೆರಿಗೆ ದವಾಖಾನೆಯ ಎದುರಿಗೇ ಇತ್ತು. ಅನೀಲಕುಮಾರ ಬಂದನೆಂದು ತಿಳಿದು ಪಾನ್ ಅಂಗಡಿಯವರು, ಆಟೋದವರು ಹಿಂದೆಯೇ ಬಂದರು. ಸಿದ್ದಲಿಂಗವ್ವ ಶಾಲು ಹಿಡಿದು ಓಡಿಬಂದಳು. ಧರ್ಮರಾಜ ಬ್ಯಾಂಕಿನಿಂದ ರಜೆ ಹಾಕಿ ಬಂದ. ಹನಮವ್ವ ನೋಡಲೆಂದೇ ಬಂದರು. ರುಕ್ಮವ್ವ ರಕ್ತಕೇಂದ್ರದ ಬೆಂಚಿನ ಮೇಲೆ ಕೂತು, ಬಂದವನಿಗೆ ದೂರದಿಂದಲೇ ಕೈಮುಗಿದಳು.

ಕೇಂದ್ರದ ತಂತ್ರಜ್ಞೆ ಫರಹತ ಅವನ ಬೆರಳಿಗೆ ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ಹನಿಗಳನ್ನು ಕಲಸಿ ನೋಡಿದಳು. ಇನ್ನೊಮ್ಮೆ ಕಲಸಿದಳು. ಕಿಟಕಿಯಿಂದ ಹೊರಗೆ ಮುಖ ಹಾಕಿ, "ಎ ಪಾಸಿಟಿವ್ ಐತ್ರಿ" ಎಂದಳು.

ಮೊದಲು ಬಾಯಿ ಬಿಟ್ಟವಳು ಸಿದ್ದಲಿಂಗವ್ವ. "ಏನಂದೀವಾ? ಶಾಲ್ ಹೊಚ್ಚಿಸಿಕೊಂಡ ಮನಶ್ಯಾಗ ಹಿಂಗ ಅಂತೀ? ನಿನ್ನ ಔಷಧ ಹಳಸಿರಬೇಕು ನೋಡು!"

ಮಾಸ್ತರರು ಅನೀಲಕುಮಾರನ ಅಂಗಿ ಹಿಡಿದರು. "ಮುಂಜಾನಿ ಏನ್ ತಿಂದಿ ಖರೇ ಹೇಳು! ಇಂಡ್ಯಾಗ ಏನರ ತಿಂದಿಯೇನು?"

"ಎರಡ ಇಡ್ಲಿ ತಿಂದೇನ್ರಿ ಸರ್, ನಿಮ್ಮಾಣಿಗೂ!"

"ಇಡ್ಲಿ ತಿಂದ್ರ ಗುಂಪು ಬದಲಾಗಂಗಿಲ್ರಿ ಸರ್" ಎಂದಳು ಫರಹತ.

"ಹೆಂಗ ಸಾಧ್ಯ ಅವ್ವಾ? ಪಟ್ಟಿ ಕಂಪ್ಯೂಟರ್ ಮಾಡೈತಿ! ಕಂಪ್ಯೂಟರ್ ಸುಳ್ಳು ಹೇಳಂಗಿಲ್ಲ!"

ಧರ್ಮರಾಜ ಬಳಗದವರಿಗೆಲ್ಲ ಫೋನು ಮಾಡಿದ. ಕೊರಳಲ್ಲಿ ಕಾರ್ಡು ತೂಗಿಸಿಕೊಂಡು ಜನ ಓಡಿಬಂದರು. ಫರಹತ ಒಬ್ಬೊಬ್ಬರಿಗೂ ಚುಚ್ಚಿ ನೋಡುತ್ತ ಹೋದಳು. ಕಾರ್ಡು ಒಂದು ಹೇಳಿದರೆ ರಕ್ತ ಇನ್ನೊಂದು ಹೇಳುತ್ತಿತ್ತು. ಧರ್ಮರಾಜನ ಕಾರ್ಡಿನಲ್ಲಿ ಓ ಇತ್ತು, ಮೈಯಲ್ಲಿ ಎಬಿ ಇತ್ತು. ಹನಮವ್ವನ ಕಾರ್ಡಿನಲ್ಲಿ ಎಬಿ ಇತ್ತು, ಮೈಯಲ್ಲಿ ಓ ಇತ್ತು. "ನನ್ನ ರಕ್ತ ಧರ್ಮರಾಜ ಹೊಡಕೊಂಡಾನ!" ಎಂದು ಹನಮವ್ವ ಕೂಗಿದರು. ಬಿ ನೆಗೆಟಿವ್ ಮಾತ್ರ ಯಾರ ಮೈಯಲ್ಲೂ ಸಿಗಲಿಲ್ಲ.

"ಮಾಸ್ತರ್ರ, ನೀವೂ ಒಂದ ಸಲ ತೋರಸ್ರಿ" ಎಂದು ಯಾರೋ ಅಂದರು.

"ಅಯ್ಯ, ನಂದು ಎಲ್ಲಾರಂಥದ್ದು. ಮೊದಲ ಪಾಳಿ ಸುದ್ದ ನಿಲ್ಲಸ್ತೇನಿ" ಎಂದು ಮಾಸ್ತರರು ಸೂಜಿಯ ಕಡೆ ಬೆನ್ನು ಮಾಡಿ, ಸರಿಯಾಗಿಯೇ ನಿಂತಿದ್ದ ಪಾಳಿಯನ್ನು ಸರಿಮಾಡತೊಡಗಿದರು.

ದವಾಖಾನೆಯಿಂದ ನರ್ಸು ರಸ್ತೆ ದಾಟಿ ಬಂದು, "ಡಾಕ್ಟರ್ ಕೇಳಾಕತ್ತಾರ್ರಿ. ಇಲ್ಲಂದ್ರ ಆಂಬುಲೆನ್ಸ್ ಕರಸ್ತಾರಂತ. ಆದ್ರ ಈ ಸ್ಥಿತ್ಯಾಗ ದೂರದ ದಾರಿ ಚಲೋ ಅಲ್ಲ ಅಂದಾರ" ಎಂದು ಹೇಳಿ ಹೋದಳು. ರುಕ್ಮವ್ವ ತಮ್ಮನ ಕಡೆ ನೋಡಿದಳು. ಬಯ್ಯಲಿಲ್ಲ. ಬೈದಿದ್ದರೆ ಮಾಸ್ತರರಿಗೆ ಎಷ್ಟೋ ಹಗುರವಾಗುತ್ತಿತ್ತು.

"ಬೀಗರು ವಿಜಯಪುರಕ್ಕ ಅಂದಿದ್ರೋ ತಮ್ಮಾ" ಎಂದಳು ಅಷ್ಟೇ. ಮಾಸ್ತರರು ಬೆಂಚಿನ ತುದಿಗೆ, ಅಕ್ಕನ ಪಕ್ಕದಲ್ಲಿ ಕೂತರು.

ಒಳಗೆ ಫರಹತ ಗೋಡೆಯ ಮೇಲಿದ್ದ ಪಟ್ಟಿಯ ಮುಂದೆ ನಿಂತಿದ್ದಳು. ಕುರ್ಚಿಯಲ್ಲಿ ಕುಸಿದು ಕೂತಿದ್ದ ಅನೀಲಕುಮಾರನಿಗೆ ಮೊದಲ ಸಾಲು ತೋರಿಸಿ, "ಅಣ್ಣಾ, ಈ ನಂಬರ್ ನಿಮ್ದ ಏನ್ರಿ?" ಎಂದು ಕೇಳಿದಳು.

ಅವ ಕಣ್ಣೊರೆಸಿಕೊಂಡು ನೋಡಿದ. "ಇದು ನಂದಲ್ಲ ಬಿಡ್ರಿ. ನನ್ನ ನಂಬರ್ ಅಲ್ಲಿ ನಡುವ ಐತಲ್ರಿ, ಆ ಎ ಪಾಸಿಟಿವ್ ಮುಂದ."

ಫರಹತ ಹಣೆ ಬಡಿದುಕೊಂಡಳು. ಕಿಟಕಿಯಿಂದ ಕೂಗಿದಳು. "ಹೆಸರು ಅಷ್ಟ ಜಾಗಾ ಬಿಟ್ಟಾವ್ರಿ! ರಕ್ತ, ಫೋನ್ ನಂಬರ್ ಎರಡೂ ಅಲ್ಲೇ ಜೋಡಿ ಅದಾವ. ಹೆಸರು ಯಾರದರ ಇರವಲ್ದ್ಯಾಕ, ಬಿ ನೆಗೆಟಿವ್ ಮುಂದಿನ ನಂಬರಿಗೆ ಹಚ್ತೇನಿ, ತಡೀರಿ!"

ಹೊರಗಿದ್ದವರೆಲ್ಲ ಎದ್ದು ನಿಂತರು. ಕೇಂದ್ರದ ಫೋನಿನಿಂದ ಫರಹತ ನಂಬರು ಒತ್ತಿದಳು.

ಅದೇ ಹೊತ್ತಿಗೆ ಮಾಸ್ತರರ ಕಿಸೆಯಲ್ಲಿ ಫೋನು ಬಡಿದುಕೊಂಡಿತು. ಅಪರಿಚಿತ ನಂಬರು. "ಇವನೌನ್, ಈ ಸಾಲದವ್ರಿಗೆ ಹೊತ್ತು ಗೊತ್ತು ಏನೂ ಇಲ್ಲ" ಎಂದು ಗೊಣಗಿ ಮಾಸ್ತರರು ಕಟ್ ಮಾಡಿದರು.

"ಕಟ್ ಮಾಡಿದ್ರು!" ಎಂದು ಒಳಗಿನಿಂದ ಫರಹತಳ ದನಿ ಬಂತು.

"ಕಟ್ ಮಾಡಿದ್ನಾ?" ಮಾಸ್ತರರು ಹೌಹಾರಿದರು. "ಮತ್ತ ಹಚ್ಚವ್ವಾ, ಮತ್ತ ಹಚ್ಚು!"

ಅವಳು ಮತ್ತೆ ಹಚ್ಚಿದಳು. ಮಾಸ್ತರರ ಕಿಸೆ ಮತ್ತೆ ಬಡಿದುಕೊಂಡಿತು. ಮಾಸ್ತರರು ಫೋನು ನೋಡದೆಯೇ ಬೆರಳಿನಿಂದ ಅದರ ಕುತ್ತಿಗೆ ಹಿಸುಕಿ, ಕಿವಿಯನ್ನೆಲ್ಲ ಕಿಟಕಿಯ ಕಡೆ ಇಟ್ಟರು.

"ಮತ್ತ ಕಟ್ ಮಾಡಿದ್ರು ಸರ್!"

ಆಗ ಮಾಸ್ತರರಿಗೆ ಬಂದ ಸಿಟ್ಟನ್ನು ಸಿಂದಗಿ ಹಿಂದೆಂದೂ ಕಂಡಿರಲಿಲ್ಲ. ಅವರು ಬೆಂಚಿನ ಮೇಲೆಯೇ ಎದ್ದು ನಿಂತರು. "ಎಂಥಾ ಕಟುಕ ಇರಬೇಕ್ರಿ ಅವ! ಇಲ್ಲಿ ಎರಡು ಜೀವ ಬಾಯಿಗೆ ಬಂದಾವ, ಈ ಮಗಾ ಫೋನ್ ಕಟ್ ಮಾಡಿ ಮಜಾ ನೋಡಾಕತ್ತಾನ! ಮೈಯಾಗ ಅಂಥಾ ರಕ್ತ ಇಟ್ಕೊಂಡು ಏನ್ ಉಪ್ಪಿನಕಾಯಿ ಹಾಕ್ತಾನೇನು? ಇಂಥವನ್ನ ಊರು ಬಿಡಸಬೇಕು, ಮಾರಿ ಸುದ್ದ ನೋಡಬಾರದು!"

"ಬರೋಬ್ಬರಿ!" ಎಂದರು ಹನಮವ್ವ. ಜನ ಹೌದೆಂದರು.

ಫರಹತ ಮೂರನೇ ಸಲ ಹಚ್ಚಿದಳು. ಮಾಸ್ತರರ ಕಿಸೆ ಮೂರನೇ ಸಲ ಬಡಿದುಕೊಂಡಿತು. ರುಕ್ಮವ್ವ ಕಿಟಕಿಯ ಕಡೆ ನೋಡಿದಳು, ತನ್ನ ಮುಖದ ಎತ್ತರಕ್ಕೇ ಇದ್ದ ತಮ್ಮನ ಕಿಸೆಯ ಕಡೆ ನೋಡಿದಳು. ತಟ್ಟನೆ ಕೈ ಹಾಕಿ ಫೋನು ಕಸಿದುಕೊಂಡು ಕಿವಿಗಿಟ್ಟಳು.

"ಹಲೋ?" ಎಂದಳು ರುಕ್ಮವ್ವ.

"ಹಲೋ, ಬಿ ನೆಗೆಟಿವ್ ದವ್ರೇನ್ರಿ?" ಎಂಬ ಫರಹತಳ ದನಿ ಫೋನಿನಿಂದಲೂ ಬಂತು, ಕಿಟಕಿಯಿಂದಲೂ ಬಂತು.

ಬೆಂಚಿನ ಮೇಲೆ ನಿಂತಿದ್ದ ಮಾಸ್ತರರು ಎಲ್ಲರ ಕಣ್ಣಿಗೂ ಚೆನ್ನಾಗಿ ಕಾಣುತ್ತಿದ್ದರು.

"ಬಗಲಾಗ ಕೂಸು ಇಟ್ಕೊಂಡು ಊರೆಲ್ಲಾ ಹುಡಿಕ್ಯಾಡಿದ್ರಂತ" ಎಂದಳು ರುಕ್ಮವ್ವ. ನಗಬೇಕೋ ಅಳಬೇಕೋ ಅವಳಿಗೇ ತಿಳಿಯಲಿಲ್ಲ, ಎರಡನ್ನೂ ಕೂಡಿಯೇ ಮಾಡಿದಳು.

"ನಂದು... ನಂದು ಓ ಪಾಸಿಟಿವ್ ಐತ್ರಿ" ಮಾಸ್ತರರು ಅಂಗಿಯೊಳಗಿಂದ ಕಾರ್ಡು ಎಳೆದರು. "ಕಾರ್ಡ್ ನೋಡ್ರಿ ಬೇಕಾದ್ರ!"

ಯಾರೂ ಕಾರ್ಡು ನೋಡಲಿಲ್ಲ. ಹನಮವ್ವ ಮಾತ್ರ ಕೇಳಿದರು. "ಊರು ಯಾವಾಗ ಬಿಡತೀರಿ ಮಾಸ್ತರ್ರ?"

ಮಾಸ್ತರರನ್ನು ಬೆಂಚಿನಿಂದ ಇಳಿಸಿದವರು ಧರ್ಮರಾಜ ಮತ್ತು ಅನೀಲಕುಮಾರ. ಒಳಗೆ ನಡೆಸಿಕೊಂಡು ಹೋದರು ಎನ್ನುವುದಕ್ಕಿಂತ ಎತ್ತಿಕೊಂಡು ಹೋದರು ಎನ್ನುವುದೇ ಸರಿ. ಬೆರಳ ತುದಿಯ ರಕ್ತ ಬಿ ನೆಗೆಟಿವ್ ಎಂದೇ ಹೇಳಿತು. ಮಂಚದ ಮೇಲೆ ಮಲಗಿಸಿದಾಗ ಮಾಸ್ತರರು ಮತ್ತೆ ಮುಷ್ಟಿ ಬಿಗಿಹಿಡಿದರು.

"ಅಕ್ಕಾ, ನನ್ನ ಕಡೆ ಆಗಂಗಿಲ್ಲ. ಸೂಜಿ ಕಂಡ್ರ ನನಗ ಕಣ್ಣು ಕತ್ತಲಿ ಬರತಾವ."

ರುಕ್ಮವ್ವ ತಮ್ಮನ ಇನ್ನೊಂದು ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದುಕೊಂಡಳು. ಚಿಕ್ಕಂದಿನಲ್ಲಿ ತಮ್ಮ ಮನೆಯ ಹೊಲದಲ್ಲಿ ಅವನ ಅಂಗಾಲಿಗೆ ಜಾಲಿಮುಳ್ಳು ಮುರಿದಾಗ, ಆಕಾಶ ನೋಡು ಎಂದು ಹೇಳಿ ತೆಗೆದವಳು ಅವಳೇ.

"ಸೂಜಿ ನೋಡಬ್ಯಾಡ. ಮ್ಯಾಲ ಫ್ಯಾನ್ ನೋಡು. ನಾ ಅದೇನಿ."

ಮಾಸ್ತರರು ಫ್ಯಾನು ನೋಡಿದರು. ಸ್ವಲ್ಪ ಹೊತ್ತು ಬಿಟ್ಟು, "ಮುಗೀತೇನವ್ವಾ ಫರಹತ?" ಎಂದರು.

"ಇನ್ನೂ ಚುಚ್ಚೇ ಇಲ್ರಿ ಸರ್."

ಚುಚ್ಚಿದಾಗ ಮಾಸ್ತರರು ಕಿರುಚಿದ್ದು ಎದುರಿನ ಹೆರಿಗೆ ದವಾಖಾನೆಯಲ್ಲೂ ಕೇಳಿ, ಅಲ್ಲಿ ಕಾಯುತ್ತಿದ್ದವರು ಹೆರಿಗೆಯಾಯಿತೆಂದು ತಿಳಿದರಂತೆ. ಆದರೆ ಎಚ್ಚರ ಮಾತ್ರ ತಪ್ಪಲಿಲ್ಲ. ಅಕ್ಕನ ಕೈಯಲ್ಲಿ ಕೈಯಿಟ್ಟು ಅವರು ಫ್ಯಾನಿನ ಮೂರು ರೆಕ್ಕೆಗಳನ್ನೇ ನೋಡುತ್ತ ಮಲಗಿದರು. ಕಣ್ಣಂಚಿನಲ್ಲಿ ನೀರು ಇಳಿದದ್ದು ನೋವಿಗಲ್ಲ. ಅಷ್ಟು ಹೊತ್ತು ಹೆದರಿ ಹೆದರಿ ಕಲ್ಲಾಗಿದ್ದ ಜೀವ ಆಗ ಸಡಿಲಾಗಿತ್ತು.

ಬಾಟಲಿ ತುಂಬುವಾಗ ಫರಹತ ಮೆಲ್ಲಗೆ ಹೇಳಿದಳು. "ಸರ್, ಬಸ್ಸಿನ್ಯಾಗ ಒಬ್ಬರನ್ನ ಎಬ್ಬಿಸಿ ಬ್ಯಾರೆ ಸೀಟಿಗೆ ಕಳಸಿದ್ರ ಅವ್ರ ಚೀಲಾ, ಚಪ್ಪಲಿ ಸಂಗಟನ ಕಳಸಬೇಕಲ್ರಿ. ನೀವು ಮನಶ್ಯಾನ್ನಷ್ಟ ಎಬ್ಬಿಸೀರಿ."

ತಪಾಸಣೆ ಮುಗಿದು ರಕ್ತ ರಸ್ತೆ ದಾಟಿತು. ಅದನ್ನು ಕಣ್ಣಾರೆ ಕಂಡ ಮೇಲೆಯೇ ಡಾಕ್ಟರಮ್ಮ ಚಾಕು ಹಿಡಿದರು. ಹೊತ್ತು ಇಳಿಯುವ ಮೊದಲೇ ವಿಜಯಶ್ರೀಗೆ ಹೆಣ್ಣು ಕೂಸು ಹುಟ್ಟಿತು. ತಾಯಿ ಮಗು ಇಬ್ಬರೂ ಸುಖ. ಮುದ್ದೇಬಿಹಾಳದ ಬೀಗರು ಫೋನಿನಲ್ಲಿ, "ಭಜಿ ಅಂಗಡಿಯವಗ ನಮ್ಮ ಶರಣು ಹೇಳ್ರಿ" ಎಂದರು. ಮಾಸ್ತರರು ಹೇಳುತ್ತೇನೆಂದರು.

ಅನೀಲಕುಮಾರನೂ ಆವತ್ತು ಸುಮ್ಮನೆ ಮನೆಗೆ ಹೋಗಲಿಲ್ಲ. "ಎ ಪಾಸಿಟಿವ್ ಆದ್ರೇನಾತ್ರಿ, ಬಂದೇನಿ, ತಗೋರಿ" ಎಂದು ಪಕ್ಕದ ಮಂಚದ ಮೇಲೆ ಮಲಗಿ ಒಂದು ಬಾಟಲಿ ಕೊಟ್ಟ. ಎದ್ದ ಮೇಲೆ ಹೆಂಡತಿಯ ಕೈಯಿಂದ ಶಾಲು ತೆಗೆದು ಮಾಸ್ತರರಿಗೆ ಹೊಚ್ಚಿದ. ಫೋಟೋ ತೆಗೆಯುವವರೆಗೂ ಸಿದ್ದಲಿಂಗವ್ವ ಅದರ ಒಂದು ಸೆರಗನ್ನು ಬಿಡಲಿಲ್ಲ, ತೆಗೆದ ಮೇಲೆ ಮಡಚಿ ಬಗಲಲ್ಲಿಟ್ಟುಕೊಂಡು ಹೋದಳು. ಮರುದಿನ ಅನೀಲಕುಮಾರ ಗಡ್ಡ ಬೋಳಿಸಿಕೊಂಡು, ಚಾಕು ಹಿಡಿದು ಮೆಣಸಿನಕಾಯಿ ಸೀಳುತ್ತ ಕೂತಿದ್ದ.

ಹೊಸ ಪಟ್ಟಿ ಮಾಡುವಾಗ ಮಾಸ್ತರರು ಓಣಿಯವರನ್ನೆಲ್ಲ ಸಾಕ್ಷಿಗೆ ಕರೆದರು. ಕಂಪ್ಯೂಟರು ಅದೇ ಪ್ರಶ್ನೆ ಕೇಳಿತು. "ಬಾಜೂದವ್ರನ್ನೂ ಎಬ್ಬಸಪ್ಪಾ, ಎಲ್ಲಾರನ್ನೂ ಎಬ್ಬಸು!" ಎಂದು ಮಾಸ್ತರರು ಕೂಗಿ ಒತ್ತಿದರು. ಈ ಸಲ ಸಾಲಿಗೆ ಸಾಲೇ ಎದ್ದು ಜಾಗ ಬದಲಿಸಿತು. ಹನಮವ್ವ ಕಟ್ಟಕಡೆಗೇ ಉಳಿದರು, ತಕರಾರು ಮಾಡಲಿಲ್ಲ. ಮದುವೆಯ ಫೋಟೋ ಪಡಸಾಲೆಗೆ ವಾಪಸು ಬಂತು. ಪ್ರಮಾಣಪತ್ರ ಎಲ್ಲಿಗೆ ಹೋಯಿತೆಂದು ದಾನೇಶ್ವರಿಯವರನ್ನು ಯಾರೂ ಕೇಳಿಲ್ಲ.

ಆವತ್ತಿನಿಂದ ಶ್ರೀಶೈಲಪ್ಪ ಮಾಸ್ತರರು ಅಪರಿಚಿತ ನಂಬರನ್ನು ಕಟ್ ಮಾಡುವುದಿಲ್ಲ. ಉಣ್ಣುವಾಗಾಗಲಿ, ಪಾಠ ಹೇಳುವಾಗಾಗಲಿ, ಮೊದಲನೇ ರಿಂಗಿಗೇ ಎತ್ತುತ್ತಾರೆ.

"ಸರ್, ನಿಮಗೆ ಸಾಲ ಬೇಕಾ?" ಎಂದು ಆ ಕಡೆಯ ಹುಡುಗಿ ಕೇಳುತ್ತಾಳೆ.

"ಬ್ಯಾಡವ್ವಾ" ಎನ್ನುತ್ತಾರೆ ಮಾಸ್ತರರು. "ನಿಮ್ಮ ಕಡೆ ಯಾರಿಗರ ರಕ್ತ ಬೇಕಾಗೇತೇನು? ಬಿ ನೆಗೆಟಿವ್ ಐತಿ."

ಈಗ ಕಟ್ ಮಾಡುವವರು ಆ ಕಡೆಯವರೇ.